ಬಣಕಲ್ಲಿನಲ್ಲಿ ರಿವರ್ಸ್

ತೊಂಬತ್ತರ ದಶಕದಲ್ಲಿ ನಮ್ಮ ಎಸ್ಟೇಟಿನ ಜೀಪು ಓಡಿಸುತ್ತಿದ್ದವಳು ನಾನು. ನನ್ನ ಗಂಡನಿಗೆ ಸ್ಟೀರಿಂಗ್ ಎಂದರೇ ಭಯ. ಕೆಸರಿನಲ್ಲಿ, ಘಾಟಿಯ ಮಂಜಿನಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಓಡಿಸಿದ್ದೇನೆ. ಆದರೂ ಬಣಕಲ್ ಪೇಟೆಗೆ ಬಂದರೆ ಸಾಕು, ಅಂಗಡಿ ಮುಂದೆ ಬೀಡಿ ಸೇದುತ್ತ ನಿಂತ ಗಂಡಸರೆಲ್ಲ ನನಗೆ ಮೇಷ್ಟ್ರಾಗುತ್ತಿದ್ದರು. ‘ಬರ್ಲಿ, ಬರ್ಲಿ, ರೈಟಿಗೆ ತಿರುಗ್ಸಿ’ ಎಂದು ಕೈ ಬೀಸುವವರಲ್ಲಿ ಸೈಕಲ್ಲನ್ನೂ ನೆಟ್ಟಗೆ ಬಿಡಲು ಬಾರದವರಿದ್ದರು!

ಒಂದು ಸಂತೆಯ ದಿನ ಬಸ್ಸೊಂದು ಎದುರಾಯಿತು. ಪಕ್ಕದಲ್ಲಿ ಜಾಗವಿಲ್ಲ, ನಾನೇ ಹಿಂದಕ್ಕೆ ಹೋಗಬೇಕಿತ್ತು. ಗೇರಿನ ಮೇಲೆ ಕೈಯನ್ನೂ ಇಟ್ಟಿದ್ದೆ. ಅಷ್ಟರಲ್ಲಿ ಕಂಡಕ್ಟರ್ ಇಳಿದು ಬಂದ. ನನ್ನ ಮುಖವನ್ನೂ ನೋಡದೆ, ಜೀಪನ್ನು ಸುತ್ತಿ ಆ ಬದಿಗೆ ಹೋಗಿ, ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಗಂಡನಿಗೆ ಹೇಳಿದ: ‘ಸಾರ್, ಅಮ್ಮಾವ್ರಿಗೆ ಸ್ವಲ್ಪ ರಿವರ್ಸ್ ತಗೊಳ್ಳಕ್ಕೆ ಹೇಳಿ.’

ಹೋಗಲಿ, ಅವನು ಹೊರಗಿನವನು. ನನ್ನ ಗಂಡ ಗಂಭೀರವಾಗಿ ತಲೆಯಾಡಿಸಿ, ನನ್ನತ್ತ ತಿರುಗಿ, ‘ರಿವರ್ಸ್ ತಗೊ, ನಿಧಾನ. ನಾನು ಹೇಳ್ದಂಗೆ ತಿರುಗ್ಸು’ ಎಂದರು.

ಮೈ ಉರಿದುಹೋಯಿತು. ಎಂಜಿನ್ ಆರಿಸಿ, ಕೀ ತೆಗೆದು ಅವರ ಅಂಗೈಯಲ್ಲಿಟ್ಟೆ. ‘ನೀವೇ ತಗೊಳ್ಳಿ’ ಎಂದು ಇಳಿದೆ.

‘ಏನ್ ಮಾರಾಯ್ತಿ ಇದು! ಜನ ನೋಡ್ತಿದಾರೆ!’

ನೋಡಲಿ ಎಂದೇ ಇಳಿದಿದ್ದೆ. ಬಸ್ಸಿನ ಹಾರ್ನ್ ಕಿರುಚುತ್ತಿತ್ತು. ಕೊನೆಗೆ ಅವರೂ ಇಳಿದು ಬಂದು, ಅಷ್ಟೂ ಜನರೆದುರು ಕೀಯನ್ನು ನನ್ನ ಕೈಗೆ ವಾಪಸ್ ಕೊಟ್ಟರು. ನಾನು ಹತ್ತಿ ಕೂತು, ಒಂದೇ ಸಲಕ್ಕೆ ಜೀಪನ್ನು ಹಿಂದಕ್ಕೆ ತೆಗೆದೆ. ಅವತ್ತು ಆ ಪೇಟೆಯಲ್ಲಿ ನನಗೆ ದಾರಿ ತೋರಿಸಲು ಒಬ್ಬನೂ ಕೈ ಬೀಸಲಿಲ್ಲ.