ಮಹೇಶ್ವರಪ್ಪನವರ ಒಂಟಿ ಚಪ್ಪಲಿಗಳು

ನಮ್ಮ ಭಾವ ಮಹೇಶ್ವರಪ್ಪನವರು ಮೂವತ್ತೆರಡು ವರ್ಷ ಬಸ್ಸುಗಳಿಗೆ ಅಪ್ಪಣೆ ಕೊಟ್ಟವರು. ಸೊರಬದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿ ಕೂತು, ಮೈಕಿನಲ್ಲಿ ಜಡೆ ಊರಿನ ಗಾಡಿ ಹೊರಡಲಿ ಎಂದರೆ ಅದು ಹೊರಡಲೇಬೇಕು. ನಿವೃತ್ತರಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಅಪ್ಪಣೆ ಕೊಡಲು ಅವರಿಗೆ ಉಳಿದದ್ದು ನಮ್ಮಕ್ಕ ಅಕ್ಕನಾಗಮ್ಮ ಮತ್ತು ಪಕ್ಕದ ಬೀದಿಯಲ್ಲಿರುವ ನಾನು. ನಾವಿಬ್ಬರೂ ಬಸ್ಸುಗಳಷ್ಟು ಹೇಳಿದ ಮಾತು ಕೇಳುವವರಲ್ಲ ಎಂಬುದು ಅವರ ಕಾಯಂ ದೂರು.

ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ತಾವು ನಿವೃತ್ತರಾದ ವರ್ಷವೇ ಮಾತ್ರೆಗಳಿಗೂ ನಿವೃತ್ತಿ ಕೊಟ್ಟರು. ಯಾಕೆ ಭಾವ ಎಂದರೆ, "ನಂಗೇನಾಗೈತಪ್ಪ? ನೋವಿಲ್ಲ, ಉರಿಯಿಲ್ಲ. ಕಾಲಿಗೆ ಸೊಳ್ಳೆ ಕಚ್ಚಿದ್ದೂ ಗೊತ್ತಾಗಲ್ಲ!" ಏನೂ ಗೊತ್ತಾಗದಿರುವುದೇ ಆರೋಗ್ಯ ಎಂದು ಇಷ್ಟು ಧೈರ್ಯವಾಗಿ ಸಾರಿದವರನ್ನು ನಾನು ಬೇರೆ ಕಂಡಿಲ್ಲ. ಏಪ್ರಿಲ್ ಮಧ್ಯಾಹ್ನ ಕಾದ ಕಾಂಕ್ರೀಟ್ ರಸ್ತೆಯಲ್ಲಿ ಬರಿಗಾಲಲ್ಲಿ ನಿಂತು ಪೇಪರ್ ಓದುತ್ತಿದ್ದರು. ಎದುರು ಮನೆಯ ರಾಜೇಶ್ವರಮ್ಮ ಅದು ಯಾವುದೋ ತಪಸ್ಸೆಂದು ತಿಳಿದು ಒಮ್ಮೆ ಕೈ ಮುಗಿದರು. ಭಾವ ಬೇಡ ಎನ್ನಲಿಲ್ಲ.

ಆಮೇಲೆ ಚಪ್ಪಲಿ ಕಳೆಯತೊಡಗಿದವು. ಒಂದು ಸಂತೆಯಲ್ಲಿ ಹೋಯಿತು, ಇನ್ನೊಂದು ಬ್ಯಾಂಕಿನ ಮೆಟ್ಟಿಲ ಹತ್ತಿರ, ಮತ್ತೆರಡು ಎಲ್ಲಿ ಎಂದೇ ತಿಳಿಯದು. ಪ್ರತಿ ಸಲವೂ ಎಡಗಾಲಿನದು ಮಾತ್ರ. ಊರಿಗೆ ಒಂಟಿ ಕಾಲಿನ ಕಳ್ಳ ಬಂದಿದ್ದಾನೆಂದು ನಾನು ತಮಾಷೆ ಮಾಡಿದೆ. ಚಪ್ಪಲಿ ಕಳೆದರೆ ಶನಿಯ ಕಾಟ ಕಳೆಯಿತೆಂದು ಸಂತೋಷಪಡುವ ಜನ ನಾವು. ಭಾವ ಪಂಚಾಂಗವನ್ನೇ ಬಿಚ್ಚಿ ಕೂತರು.

"ಏಳೂವರೆ ವರ್ಷದ ಶನಿ ನೋಡೋ ಚನ್ನೇಶ. ಎಡಗಾಲಿಂದ ಇಳೀತಾ ಐತೆ."

"ಬಲಗಾಲಿಂದ ಯಾವಾಗ ಇಳೀತದೆ ಭಾವ?"

"ಅದಕ್ಕೂ ಟೈಮ್ ಐತೆ ಬಿಡು."

ಬಾಗಿಲ ಬಳಿ ಸಾಲಾಗಿ ಕೂತ ನಾಲ್ಕು ಬಲಗಾಲಿನ ಚಪ್ಪಲಿಗಳನ್ನು ನೋಡಿ ಅಕ್ಕ ಕೇಳಿದಳು: "ಕಾಲಿಂದ ಕಳಚಿ ಬಿದ್ದದ್ದು ಗೊತ್ತಾಗಲ್ವೇನ್ರೀ? ಬರಿಗಾಲಲ್ಲಿ ಅಷ್ಟು ದೂರ ಹೆಂಗ್ ನಡ್ಕಂಡು ಬಂದ್ರಿ?"

ಇಡೀ ಬೀದಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾವು ಇಬ್ಬರು ಗಂಡಸರು ಸೇರಿ ನಕ್ಕೆವು. ಆ ನಗು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ಹೋದಾಗ ಭಾವ ಆಗಷ್ಟೇ ಹಾಲು ತಂದು, ಹಾಲಿನ ಜೊತೆಗೆ ಐದನೇ ಎಡ ಚಪ್ಪಲಿ ಕಳೆದ ಶುಭ ಸುದ್ದಿಯನ್ನೂ ತಂದಿದ್ದರು. ಆದರೆ ಮುಖ ಮಾತ್ರ ಕೆಂಡವಾಗಿತ್ತು. ಬಿಳಿ ಟೈಲ್ಸಿನ ಮೇಲೆ ಬಾಗಿಲಿಂದ ಅಡುಗೆಮನೆವರೆಗೆ ಕೆಂಪು ಹೆಜ್ಜೆಗಳು.

"ಏ ನಾಗಮ್ಮ, ಕುಂಕುಮದ ನೀರು ಚೆಲ್ಲಿ ಮನೆತುಂಬಾ ತುಳಿದೀಯಲ್ಲ! ಕಣ್ಣು ಕಾಣಲ್ವಾ ನಿಂಗೆ?" ಎಂದು ರೇಗುತ್ತಾ ಆ ಹೆಜ್ಜೆಗಳ ಜಾಡು ಹಿಡಿದು ಅಡುಗೆಮನೆವರೆಗೆ ಹೋಗಿ ತಿರುಗಿ ಬಂದರು. ಬರುವಷ್ಟರಲ್ಲಿ ಹೆಜ್ಜೆಗಳು ಹೆಚ್ಚಾಗಿದ್ದವು. ಅಕ್ಕ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿ ಬಂದು ಅವರನ್ನು ಕುರ್ಚಿಗೆ ತಳ್ಳಿ ಕೂರಿಸಿದಳು. ಎಡ ಅಂಗಾಲಿನಲ್ಲಿ ಬಾಟಲಿಯ ಗಾಜಿನ ಚೂರು ಹೊಕ್ಕು ಕೂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಅಶ್ವಿನಿ ಗಾಜು ಕಿತ್ತು ಗಾಯ ತೊಳೆಯುವಾಗ ಭಾವ ಅವರಿಗೆ ಸೊರಬದ ಬಸ್ಸಿನ ವೇಳೆ ವಿವರಿಸುತ್ತಿದ್ದರು.

"ನೋವಾಗಿಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮ?"

"ನೀವು ಮೈಕಲ್ಲಿ ಹೇಳಿದ್ರೆ ಬಸ್ ಹೊರಡ್ತಿತ್ತಲ್ಲ ಸಾರ್, ಮೆದುಳು ನರದ ಮೂಲಕ ಸ್ನಾಯುಗಳಿಗೆ ಹೇಳೋದೂ ಹಂಗೇ. ಆ ಲೈನ್ ಇನ್ನೂ ಚೆನ್ನಾಗಿದೆ, ಅದಕ್ಕೇ ನಡೀತಿದೀರಿ. ಬಸ್ ಎಲ್ಲಿದೆ, ಪಂಕ್ಚರ್ ಆಯ್ತಾ ಅಂತ ಆ ಕಡೆಯಿಂದ ಫೋನ್ ಬರಬೇಕಲ್ಲ, ಆ ನರಗಳನ್ನ ಸಕ್ಕರೆ ತಿಂದು ಹಾಕಿದೆ. ಚಪ್ಪಲಿ ಜಾರ್ತಿದೆ ಅಂತ ಅಂಗಾಲು ಹೇಳಿದ್ರೆ ತಾನೇ ಬೆರಳು ಬಿಗಿ ಹಿಡಿಯೋದು?"

"ಅದು ಶನಿ..."

"ಮಾತ್ರೆ ಬಿಡ್ಸಿದ್ದು ಯಾವ ಗ್ರಹ ಸಾರ್?"

ಭಾವ ಆ ಗ್ರಹವನ್ನು ಹುಡುಕುವವರಂತೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಬೇರೆ ದಿನವಾಗಿದ್ದರೆ ಇದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ. ಆದರೆ ಡಾಕ್ಟರ್ ದನಿ ತಗ್ಗಿಸಿ, ಗಾಯ ಕೀವಾಗಿ ಮೇಲೇರಿದರೆ ಪಾದ ತೆಗೆಯಬೇಕಾಗಬಹುದು, ಸ್ಪರ್ಶ ಎಷ್ಟು ಉಳಿದಿದೆ ನೋಡೋಣ ಎಂದರು.

"ಕಣ್ಣು ಮುಚ್ಚಿ ಸಾರ್. ನಾನು ಎಲ್ಲಿ ಮುಟ್ಟಿದ್ರೂ ಹೂಂ ಅನ್ನಿ."

ಭಾವ ಶಿಸ್ತಾಗಿ ಕಣ್ಣು ಮುಚ್ಚಿದರು. ಡಾಕ್ಟರ್ ಗಾಳದ ದಾರದಂಥ ಎಳೆಯೊಂದನ್ನು ಎಡಗಾಲಿನ ಹೆಬ್ಬೆರಳಿಗೆ ಒತ್ತಿದರು. ಆಮೇಲೆ ಕಿರುಬೆರಳಿಗೆ, ಹಿಮ್ಮಡಿಗೆ. ಎಳೆ ಬಾಗುವಷ್ಟು ಒತ್ತುತ್ತಿದ್ದರು. ಹೂಂ ಅನ್ನಿ ಭಾವ, ಒಂದು ಸಲವಾದರೂ ಅನ್ನಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಬಲಗಾಲೂ ಆಯಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಡಾಕ್ಟರ್ ಎಳೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು.

ಭಾವ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

"ನಾನು ರೆಡಿ ಇದೀನಮ್ಮ," ಎಂದರು. "ಶುರು ಮಾಡ್ರಿ."