ಏಳನೇ ಮೇಜಿನ ಗಂಟು

ಅಕ್ಕ ತೀರಿಕೊಂಡು ವಾರವಾಗಿತ್ತು. ನಮ್ಮ ಕಾರ್ಖಾನೆಯ ಹಳೆಯ ಮೇಸ್ತ್ರಿ ಊರುಗೋಲು ಹಿಡಿದುಕೊಂಡು ಮಾತಾಡಿಸಲು ಬಂದರು. ಕಿಟಕಿಯ ಪಕ್ಕ ಕುರ್ಚಿ ಹಾಕಿ ಚಹಾ ಕೊಟ್ಟೆ. ಎರಡು ಗುಟುಕು ಕುಡಿದು ಬಾಯಿ ಒರೆಸಿಕೊಂಡು, "ನಿಮ್ಮಕ್ಕನಂಥ ಕೆಲಸಗಾತಿ ಇನ್ನು ಹುಟ್ಟಲ್ಲ ಬಿಡಮ್ಮ. ಪಾಪ, ಇಡೀ ಜೀವಮಾನದಲ್ಲಿ ಮಾಡಿದ್ದು ಅದೊಂದೇ ತಪ್ಪು" ಅಂದರು.

ಅದೊಂದೇ ತಪ್ಪಂತೆ. ಅಂಗಾಲಿನ ಉರಿ ನೆತ್ತಿಗೇರಿತು. ಆ ತಪ್ಪು ಯಾರದೆಂದು ಈಗಲಾದರೂ ಹೇಳದಿದ್ದರೆ ಸತ್ತರೂ ನನ್ನ ಕಣ್ಣು ಮುಚ್ಚುವುದಿಲ್ಲ.

ಅಕ್ಕ ಕಿಟಕಿಯ ಬ್ಲೈಂಡ್ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದಾರ ಪೋಣಿಸಿದಳು. ಅಮ್ಮ ಹೋದಾಗ ಅವಳಿಗೆ ಹದಿನಾರು, ನನಗೆ ಏಳು. ನನ್ನನ್ನು ಸಾಕಿ ಮದುವೆ ಮಾಡಿದಳು, ತಾನು ಒಂಟಿಯಾಗಿಯೇ ಉಳಿದಳು. ನನ್ನ ಯಜಮಾನರು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಾಗ ನನ್ನನ್ನೂ ಅಲ್ಲಿಗೇ ಸೇರಿಸಿದಳು. ಅವಳದು ಏಳನೇ ಮೇಜು, ನನ್ನದು ಎಂಟು. ಎಡಗೈಯಲ್ಲಿ ಕೆಲಸ ಮಾಡುತ್ತಾಳೆಂದು ಎಲ್ಲರೂ ಅವಳನ್ನು ಎಡಚಿ ಅಂತಲೇ ಕರೆಯುತ್ತಿದ್ದರು. ಕೈ ಎಡವಾದರೂ ಕೆಲಸ ಸೊಟ್ಟಗಿದ್ದರೆ ತೋರಿಸಿ ಎಂದು ಅವಳು ಸವಾಲು ಹಾಕುತ್ತಿದ್ದಳು. ಯಾರೂ ತೋರಿಸಿದ್ದಿಲ್ಲ.

ಬ್ಲೈಂಡು ನೋಡಲು ಸುಲಭ. ಎರಡು ಬೆರಳಗಲದ ತಗಡಿನ ಪಟ್ಟಿಗಳು ನಲವತ್ತೋ ಐವತ್ತೋ, ಏಣಿಯ ಮೆಟ್ಟಿಲಿನ ಹಾಗೆ ದಾರದ ಮೇಲೆ ಕೂತಿರುತ್ತವೆ. ಪಕ್ಕದ ಕೋಲು ತಿರುಗಿಸಿದರೆ ಮೇಲಿನ ಪೆಟ್ಟಿಗೆಯೊಳಗೆ ಹಲ್ಲುಚಕ್ರ ತಿರುಗಿ, ಪಟ್ಟಿಗಳೆಲ್ಲ ಒಟ್ಟಿಗೆ ಮಗ್ಗುಲು ಬದಲಿಸುತ್ತವೆ. ಬೆಳಕು ಎಷ್ಟು ಬೇಕೋ ಅಷ್ಟೇ ಒಳಗೆ. ಮೇಲೆತ್ತಲು ಬೇರೆ ದಾರ. ಎಡಕ್ಕೊಂದು ಬಲಕ್ಕೊಂದು, ಪಟ್ಟಿಗಳ ತೂತಿನಲ್ಲಿ ಹಾದು, ಪೆಟ್ಟಿಗೆಯ ರಾಟೆ ದಾಟಿ, ಒಂದೇ ಮೂಲೆಯಿಂದ ಇಳಿದುಬರುತ್ತವೆ. ಪಂಚಾಯಿತಿಯೆಲ್ಲ ಆ ಎರಡು ದಾರದ ತುದಿಯಲ್ಲಿ. ಎರಡನ್ನೂ ಒಂದೇ ಗಂಟಿಗೆ ಸೇರಿಸಿದರೆ ಬ್ಲೈಂಡು ನೆಟ್ಟಗೆ ಏಳುತ್ತದೆ, ಆದರೆ ಕೆಳಗೊಂದು ಕುಣಿಕೆ ನೇತಾಡುತ್ತದೆ. ಒಂದೊಂದರ ತುದಿಗೂ ಬೇರೆ ಬೇರೆ ಮರದ ಗುಂಡು ಕಟ್ಟಿ ಬಿಟ್ಟರೆ ಕುಣಿಕೆ ಇರುವುದಿಲ್ಲ, ಆದರೆ ಎರಡನ್ನೂ ಸೇರಿಸಿ ಹಿಡಿಯದೆ ಒಂದನ್ನೇ ಎಳೆದವರ ಬ್ಲೈಂಡು ಓರೆ.

ಕಾರ್ಖಾನೆಯ ಸಾಹುಕಾರರಿಗೆ ಒಂದೇ ಗಂಟು ಬೇಕು. ಓರೆ ಬ್ಲೈಂಡಿನ ದೂರು ಕೇಳಿ ಕೇಳಿ ಅವರಿಗೆ ಸಾಕಾಗಿತ್ತಂತೆ. ಅಕ್ಕ ಮಾತ್ರ ಎರಡು ಗುಂಡು ಬಿಟ್ಟು ಬೇರೆ ಕಟ್ಟುತ್ತಿರಲಿಲ್ಲ. ಕಾರಣ ನನ್ನ ಮಗಳು. ಅವಳಿಗಾಗ ಎರಡು ವರ್ಷ, ಮೇಜಿನ ಕೆಳಗೆ ಆಡಿಕೊಂಡಿರುತ್ತಿದ್ದಳು. ಒಂದು ಮಧ್ಯಾಹ್ನ, ಪರೀಕ್ಷೆಗೆಂದು ತೂಗುಹಾಕಿದ್ದ ಬ್ಲೈಂಡಿನ ಕುಣಿಕೆಯನ್ನು ಸರದ ಹಾಗೆ ಕತ್ತಿಗೆ ಹಾಕಿಕೊಂಡು ಕೂರಲು ಹೋದಳು. ಸದ್ದೇ ಇಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ. ಹೆತ್ತ ನಾನು ಒಂದು ಮಾರು ದೂರದಲ್ಲಿ ಹರಟೆ ಹೊಡೆಯುತ್ತಿದ್ದೆ. ಅಕ್ಕ ಮೇಜಿನ ಕೆಳಗೆ ನುಗ್ಗಿ ದಾರಕ್ಕೆ ಕತ್ತರಿ ಹಾಕಿದಳು.

ಅಲ್ಲಿಂದ ಮುಂದೆ ಮೇಸ್ತ್ರಿ ಎಷ್ಟು ಕೂಗಾಡಿದರೂ ಅವಳದು ಒಂದೇ ಮಾತು: "ಬ್ಲೈಂಡು ಓರೆಯಾದ್ರೆ ಎಳೆದು ಸರಿ ಮಾಡ್ಕೋಬಹುದು. ಕತ್ತು ಓರೆಯಾದ್ರೆ?"

ಮರುವರ್ಷ ಅಕ್ಕನಿಗೆ ಜ್ವರ ಬಂತು. ಹೊಸದಾಗಿ ಎದ್ದ ದೊಡ್ಡ ಕಟ್ಟಡವೊಂದಕ್ಕೆ ನಲವತ್ತು ಬ್ಲೈಂಡು ಅರ್ಜೆಂಟಾಗಿ ಹೋಗಬೇಕಿತ್ತು. ಮೇಸ್ತ್ರಿ ನನ್ನನ್ನು ಏಳನೇ ಮೇಜಿಗೆ ಕೂರಿಸಿ, ಒಂದೇ ಗಂಟು ಹಾಕು, ನಿಮ್ಮಕ್ಕನ ಪುರಾಣ ಇಲ್ಲಿ ಬೇಡ ಎಂದರು. ನಾನು ತಲೆ ತಗ್ಗಿಸಿಕೊಂಡು ಕಟ್ಟಿದೆ. ಸ್ವಂತ ಮಗಳ ಕತ್ತಿನ ಗೆರೆ ಕಂಡವಳು ನಲವತ್ತು ಕುಣಿಕೆ ಕಟ್ಟಿದೆ. ಅಷ್ಟು ಸಾಲದೆಂದು ಇನ್ನೊಂದು ಜಾಣತನವನ್ನೂ ಮಾಡಿದೆ. ಪೋಣಿಸಿದವರು ತಮ್ಮ ಮೇಜಿನ ನಂಬರಿನ ಚೀಟಿಯನ್ನು ಮೇಲಿನ ಪೆಟ್ಟಿಗೆಯೊಳಗೆ ಅಂಟಿಸಬೇಕು. ಮೂರು ದಿನ ಚೀಟಿ ಕಾಣದಿದ್ದರೆ ಆ ಮೇಜು ಬೇರೆಯವರ ಪಾಲು. ಅಕ್ಕನ ಜಾಗ ಉಳಿಸುತ್ತೇನೆಂದು ನಲವತ್ತಕ್ಕೂ ಏಳನೇ ನಂಬರನ್ನೇ ಅಂಟಿಸಿದೆ.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಎತ್ತರದ ಮನುಷ್ಯರೊಬ್ಬರು ಬ್ಲೈಂಡನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ನಮ್ಮ ಮುಂದೆ ಎಸೆದರು. ಅವರ ಮಗು ಆಸ್ಪತ್ರೆಯಲ್ಲಿತ್ತು. ಕುಣಿಕೆಗೆ ಸಿಕ್ಕಿ, ಪುಣ್ಯಕ್ಕೆ ಉಸಿರು ಉಳಿದಿತ್ತು. ಸಾಹುಕಾರರು ಪೆಟ್ಟಿಗೆ ಬಿಚ್ಚಿ ಚೀಟಿ ನೋಡಿದರು. ಏಳು.

ಅಕ್ಕ ಆ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಎಡಗೈಯವಳ ಗಂಟಿನ ಸುತ್ತು ಎಡಕ್ಕೆ ಹೋಗುತ್ತದೆ, ನಮ್ಮೆಲ್ಲರದು ಬಲಕ್ಕೆ. ನೂರು ಗಂಟಿನಲ್ಲೂ ಅವಳದು ಬೇರೆ ಕಾಣುತ್ತಿತ್ತು. ಇದು ಬಲಸುತ್ತು. ಜ್ವರದ ದಿನ ತನ್ನ ಮೇಜಿನಲ್ಲಿ ಕೂತವಳು ಯಾರೆಂದು ಅವಳಿಗೆ ಗೊತ್ತೇ ಇತ್ತು. ನನ್ನತ್ತ ತಿರುಗಿಯೂ ನೋಡಲಿಲ್ಲ.

"ಏಳು ನಂದೇ" ಅಂದಳು.

ಸಾಹುಕಾರರಿಗೆ ಅಷ್ಟೇ ಬೇಕಿತ್ತು. ಆ ತಂದೆಗೆ ಕೈ ಮುಗಿದು, ನಮ್ಮಲ್ಲಿ ಕುಣಿಕೆ ಕಟ್ಟುವ ಪದ್ಧತಿಯೇ ಇಲ್ಲ, ಇವಳು ಹೇಳಿದ ಮಾತು ಕೇಳುವವಳಲ್ಲ, ಈಗಲೇ ತೆಗೆದುಹಾಕುತ್ತೇನೆ ಎಂದರು. ಕುಣಿಕೆ ಕಟ್ಟು ಎಂದು ಅವಳ ಬೆನ್ನು ಬಿದ್ದಿದ್ದ ಅದೇ ಬಾಯಿ. ಸುಳ್ಳು ಹೇಳುವಾಗ ಕಣ್ಣು ಕೂಡ ಮಿಟುಕಿಸಲಿಲ್ಲ. ಮೇಸ್ತ್ರಿ ತಮ್ಮ ಅಳತೆಪಟ್ಟಿಯನ್ನು ಅವತ್ತೇ ಮೊದಲು ಕಂಡವರ ಹಾಗೆ ನೋಡುತ್ತ ನಿಂತಿದ್ದರು. ಆ ತಂದೆ ಅಕ್ಕನಿಗೆ ಅಂದ ಮಾತನ್ನು ನಾನು ಬರೆಯುವುದಿಲ್ಲ. ಅವರ ಸಂಕಟ ಅವರದು.

ಅಕ್ಕ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ ಮೇಲೆ ನನಗೆ ನಾಲಿಗೆ ಬಂತು. ಸಾಹುಕಾರರ ಕೋಣೆಗೆ ಹೋಗಿ, ಆ ಗಂಟು ನನ್ನದು, ಕಟ್ಟಿಸಿದ್ದು ನೀವು ಎಂದೆ.

ಅವರು ತಲೆಯೆತ್ತದೆ, "ಗಂಟು ಯಾರದಾದ್ರೇನಮ್ಮ, ಚೀಟಿ ಅವಳದು. ನಿಂಗೆ ಕೆಲಸ ಬೇಕೋ ಬೇಡ್ವೋ, ಅದನ್ನ ಹೇಳು" ಅಂದರು.

ಬೇಕಿತ್ತು. ಹಿಂದಿರುಗಿ ಎಂಟನೇ ಮೇಜಿನಲ್ಲಿ ಕೂತೆ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಸಂಜೆ ಅಕ್ಕನ ಮನೆಗೆ ಹೋಗಿ ಅವಳ ಮೇಲೆ ಹರಿಹಾಯ್ದೆ. ಯಾಕೆ ಒಪ್ಪಿಕೊಂಡೆ, ದೊಡ್ಡ ತ್ಯಾಗಿ ಅನ್ನಿಸಿಕೊಳ್ಳಬೇಕಿತ್ತಾ ಎಂದೆ. ಅವಳು ಕತ್ತರಿಯನ್ನು ಸಾಣೆಕಲ್ಲಿಗೆ ಉಜ್ಜುತ್ತಿದ್ದಳು.

"ಎರಡು ಮನೆ ಒಲೆ ಒಟ್ಟಿಗೆ ಆರಬೇಕಿತ್ತಾ?" ಅಂದಳು. "ನಿನ್ನ ಗಂಡನ ಔಷಧಿ ಯಾರು ತರ್ತಿದ್ರು? ಆದ್ರೆ ಕೇಳು, ಇನ್ನೊಂದು ಕುಣಿಕೆ ಕಟ್ಟಿದೆ ಅಂತ ಕಿವಿಗೆ ಬಿದ್ರೆ ಆ ಕೈ ನಾನೇ ಮುರೀತೀನಿ."

ಕತ್ತರಿ ಮಸೆದದ್ದು ಯಾಕೆಂದು ಮರುದಿನ ತಿಳಿಯಿತು. ಆ ಕಟ್ಟಡದಲ್ಲಿ ಇನ್ನೂ ಮೂವತ್ತೊಂಬತ್ತು ಕುಣಿಕೆ ನೇತಾಡುತ್ತಿದ್ದವು. ಅಕ್ಕ ಮನೆ ಮನೆಯ ಬಾಗಿಲು ತಟ್ಟಿದಳು. ಕೆಲವರು ಕದ ಮುಖಕ್ಕೇ ಹಾಕಿದರು, ಒಬ್ಬಾಕೆ ಕಳ್ಳಿ ಎಂದಳು. ಅಕ್ಕ ಸಂಜೆ ಮತ್ತೆ ಹೋಗಿ ಅದೇ ಬಾಗಿಲು ತಟ್ಟಿದಳು. ಮೂರು ದಿನದಲ್ಲಿ ಮೂವತ್ತೊಂಬತ್ತನ್ನೂ ಕತ್ತರಿಸಿ, ಎರಡೆರಡು ಗುಂಡು ಕಟ್ಟಿ ಬಂದಳು. ಸಾಹುಕಾರರು ಅತ್ತ ತಲೆಹಾಕಿಯೂ ನೋಡಲಿಲ್ಲ.

ಆರು ತಿಂಗಳಿಗೆ ಕಾರ್ಖಾನೆಯ ಗೋಡೆಗೆ ಬಣ್ಣದ ಹಾಳೆ ಬಂತು. ಸಾಹುಕಾರರ ನಗುಮುಖ, ಪಕ್ಕದಲ್ಲಿ ಎರಡು ಗುಂಡಿನ ಬ್ಲೈಂಡು. ಮಕ್ಕಳ ಕ್ಷೇಮಕ್ಕಾಗಿ ಅವರೇ ಕಂಡುಹಿಡಿದ ಹೊಸ ವಿಧಾನವಂತೆ. ಎಲ್ಲ ಮೇಜಿಗೂ ಅಪ್ಪಣೆಯಾಯಿತು. ಅಕ್ಕನಿಗೆ ಹೇಳಿದರೆ, ಕಟ್ಟುತ್ತಾರಲ್ಲ, ಅಷ್ಟು ಸಾಕು ಎಂದು ನಕ್ಕಳು. ಅವಳಿಗೆ ಸಾಕಿರಬಹುದು. ಮಗುವಿನ ಕತ್ತಿಗೆ ಕುಣಿಕೆ ಹಾಕಿದವಳೆಂದು ಹೆಸರು ಕೆಟ್ಟು, ಇನ್ಯಾವ ಕಾರ್ಖಾನೆಯೂ ಅವಳನ್ನು ಒಳಗೆ ಬಿಡಲಿಲ್ಲ. ಉಳಿದ ಆಯಸ್ಸೆಲ್ಲ ಮೂಲೆಯಲ್ಲಿ ಕೂತು ಊರವರ ಪರದೆಗಳಿಗೆ ಅಂಚು ಹೊಲಿದಳು.

ಇಷ್ಟೆಲ್ಲ ಗೊತ್ತಿರುವ ಮನುಷ್ಯ ನನ್ನ ಕುರ್ಚಿಯಲ್ಲಿ ಕೂತು ಅದೊಂದೇ ತಪ್ಪು ಅನ್ನುತ್ತಾರೆ. ನನ್ನ ಕಿಟಕಿಗಿರುವುದು ಅಕ್ಕ ಪೋಣಿಸಿದ ಬ್ಲೈಂಡು. ಅದರ ದಾರದ ತುದಿಯನ್ನು ಅವರ ಕೈಗೆ ಕೊಟ್ಟೆ.

"ಯಾರ ಗಂಟಿದು, ಮೇಸ್ತ್ರಿಗಳೇ?"

ಕನ್ನಡಕವನ್ನೂ ಹುಡುಕಲಿಲ್ಲ. ಹೆಬ್ಬೆರಳಲ್ಲಿ ಒಮ್ಮೆ ಸವರಿದರು. "ಎಡಚಿದು."

"ಅವತ್ತಿಂದು?"

ದಾರದ ತುದಿಯನ್ನು ಕೈಬಿಟ್ಟು, "ಬಲಸುತ್ತು" ಅಂದರು. "ಗೊತ್ತಿತ್ತಮ್ಮ. ನಿಂಗೂ ಗೊತ್ತಿತ್ತಲ್ಲ."

"ಗೊತ್ತಿತ್ತು. ನಾನು ಅದನ್ನ ನನ್ನ ತಪ್ಪು ಅಂತೀನಿ. ನೀವು ಇವತ್ತಿಗೂ ಅವಳದು ಅಂತೀರಿ."

ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅವರ ಕೈಯಿಂದ ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದೆ.