ಓಂಕಾರಪ್ಪನವರ ಬಾಗಿಲ ಹಿಂದಿನ ಮಚ್ಚುಗಳು

ಓಂಕಾರಪ್ಪನವರ ಹಿತ್ತಲಿನಲ್ಲಿ ಇದ್ದದ್ದು ಎರಡೇ ತೆಂಗಿನಮರ. ಬಾಗಿಲ ಹಿಂದೆ ಒರಗಿಸಿಟ್ಟಿದ್ದದ್ದು ಏಳು ಮಚ್ಚು. ಅದರಲ್ಲಿ ಒಂದೂ ಅವರದಲ್ಲ. ಅಜ್ಜಂಪುರದ ಸುತ್ತಮುತ್ತ ಯಾರಾದರೂ ತಲೆ ಕೆಟ್ಟು, ಇವತ್ತು ಅವನನ್ನು ಬಿಡುವುದಿಲ್ಲ ಎಂದು ಕೂಗಾಡಿದರೆ ಇವರಿಗೆ ಸುದ್ದಿ ಮುಟ್ಟುತ್ತಿತ್ತು. ಬಸ್ಸು ಹತ್ತಿ ಹೋಗಿ, ಆ ಮನೆಯ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, "ನಮ್ಮನೇಲಿ ಕಾಯಿ ಕೆಡವ್ಬೇಕು ಕಣಪ್ಪ, ನಿನ್ ಮಚ್ಚು ಕೊಟ್ಟಿರು" ಎನ್ನುತ್ತಿದ್ದರು. ಯಾವ ಕಾಯಿ, ಯಾವ ಮರ ಎಂಬುದು ಇಬ್ಬರಿಗೂ ಗೊತ್ತು. ಆದರೂ ಕೊಡುತ್ತಿದ್ದರು. ಹಿರಿಯರು ಕೇಳಿದರು, ಕೊಟ್ಟೆ ಎಂದರೆ ಹೆದರಿ ಸುಮ್ಮನಾದ ಎಂಬ ಮಾತು ಬರುವುದಿಲ್ಲವಲ್ಲ. ಕೊಟ್ಟವರು ಅದನ್ನು ವಾಪಸ್ ಕೇಳುವಂತಿರಲಿಲ್ಲ. ಸಿಟ್ಟು ಇಳಿದಿದೆ ಎನ್ನಿಸಿದ ದಿನ ಓಂಕಾರಪ್ಪನವರೇ ಟವೆಲಿನಲ್ಲಿ ಸುತ್ತಿ ತಂದುಕೊಡುತ್ತಿದ್ದರು.

ಇಂಥವರಿಗೆ ತರಬೇತಿ ಕೊಡಲು ಹೋದವಳು ನಾನು. ಊರೊಳಗಿನ ಜಗಳ ಕೈಮೀರುವ ಮೊದಲೇ ನಡುವೆ ಹೋಗಿ ನಿಲ್ಲಬಲ್ಲವರನ್ನು ಹುಡುಕುವುದು, ಅವರಿಗೆ ಕಲಿಸುವುದು, ಆಮೇಲೆ ಫೋನಿನಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಕಡೂರಿನ ಒಂದು ಸಭಾಂಗಣದಲ್ಲಿ ಮೊದಲ ತರಬೇತಿ. ಒಂದು ಫಾರಂ ಹಂಚಿ, ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಎಂದು ಗುರುತು ಮಾಡುವುದನ್ನು ಅರ್ಧ ದಿನ ವಿವರಿಸಿದೆ. ಓಂಕಾರಪ್ಪನವರಿಗೆ ಸಹಿಯೊಂದು ಬಿಟ್ಟು ಬೇರೆ ಬರವಣಿಗೆ ಬಾರದು. ಪಕ್ಕದವರಿಂದ ಓದಿಸಿಕೊಂಡು ಎದ್ದು ನಿಂತರು.

"ಎಲ್ಲಾ ಚೆನ್ನಾಗೈತೆ ಕಣಮ್ಮ. ಅವನು ಉಂಡವ್ನೋ ಇಲ್ವೋ ಅಂತ ಮಾತ್ರ ಎಲ್ಲೂ ಕೇಳಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ದೊಡ್ಡಸ್ತಿಕೆಯಿಂದ.

ಆಮೇಲೆ ಒಂದು ದಿನ ಅವರ ಜೊತೆ ಬುಕ್ಕಾಂಬುಧಿಯ ಕಡೆ ಹೋಗಿದ್ದೆ. ಕೆರೆ ನೀರಿನ ಸರದಿಗೆ ಪಕ್ಕದ ಹೊಲದವನ ಮೇಲೆ ಕುದಿಯುತ್ತಿದ್ದ ಒಬ್ಬ ನಮ್ಮ ಮುಖವನ್ನೇ ನೋಡಲಿಲ್ಲ. ಓಂಕಾರಪ್ಪನವರು ಜಗಳದ ಮಾತೇ ಎತ್ತಲಿಲ್ಲ. "ಬೆಳಗ್ಗಿಂದ ಏನಾದ್ರೂ ತಿಂದ್ಯೇನಪ್ಪಾ?" ಎಂದರು. ಒಳಗಿನಿಂದ ಅವನ ಹೆಂಡತಿ, "ನಿನ್ನೆಯಿಂದ ತಟ್ಟೆ ಮುಟ್ಟಿಲ್ಲ" ಎಂದಳು. "ಹಂಗಾದ್ರೆ ನಂಗೂ ಹಸಿವು, ಇಬ್ಬರಿಗೂ ಹಾಕವ್ವ" ಎಂದು ಕೈ ತೊಳೆದು ಕೂತೇಬಿಟ್ಟರು. ಎರಡನೆಯ ಮುದ್ದೆ ಮುಗಿಯುವ ಹೊತ್ತಿಗೆ ಅವನು ಅಳುತ್ತಿದ್ದ. ಬರುವಾಗ ಮಚ್ಚು ಓಂಕಾರಪ್ಪನವರ ಕೈಚೀಲದಲ್ಲಿತ್ತು.

ನನಗೆ ತಡೆಯಲಾಗಲಿಲ್ಲ. ಇದನ್ನು ಎಲ್ಲರಿಗೂ ಕಲಿಸಬೇಕು ಎಂದು ಹಟ ಹಿಡಿದು ತರಬೇತಿ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಹಂತ ಹಂತವಾಗಿ ಬರೆದೆ. ಏಳು ಮಚ್ಚುಗಳ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ತೆಗೆದೆ.

"ಇದನ್ನ ಬರೀಲೇಬೇಕಾ?" ಎಂದಿದ್ದರು.

"ನಿಮ್ಮ ನಂತರ ಯಾರಿಗೂ ಗೊತ್ತಿಲ್ಲದಂತೆ ಆಗಬಾರದಲ್ವಾ?"

"ಎಲ್ರಿಗೂ ಗೊತ್ತೈತೆ ಕಣಮ್ಮ. ಯಾರೂ ಹೇಳಲ್ಲ, ಅಷ್ಟೇ." ಹಾಗೆಂದರೂ ನನ್ನ ಮನಸ್ಸು ನೋಯಿಸಬಾರದೆಂದು ಸೆಟೆದು ನಿಂತುಕೊಂಡರು.

ತರೀಕೆರೆಯ ತರಬೇತಿಯಲ್ಲಿ ಪುಸ್ತಕ ಹಂಚಿದ ಒಂದು ವಾರದೊಳಗೆ ಆ ಪುಟ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಭೇಷ್ ಎಂದು ಬರೆದವರಿಗೆಲ್ಲ ನಾನು ಕೈಮುಗಿಯುವ ಚಿತ್ರ ಕಳಿಸುತ್ತಾ ಕೂತಿದ್ದೆ.

ಆ ಬೇಸಿಗೆಯಲ್ಲೇ ಪಂಚನಹಳ್ಳಿಯ ಹತ್ತಿರ ಅಣ್ಣತಮ್ಮಂದಿರಿಬ್ಬರು ತೋಟದ ದಾರಿಗಾಗಿ ಜಗಳಕ್ಕೆ ಬಿದ್ದರು. ಅಣ್ಣ ದಾರಿಗೆ ಬೇಲಿ ಹಾಕಿದ್ದ. ತಮ್ಮ ಮಹೇಶ ಮಚ್ಚು ಮಸೆಯುತ್ತಿದ್ದಾನೆಂದು ಸುದ್ದಿ ಬಂತು. ಓಂಕಾರಪ್ಪನವರು ಹೋದರು. ಮಧ್ಯಾಹ್ನ ನನಗೆ ಫೋನ್ ಮಾಡಿದರು. ಅವರಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಕೊಡ್ಲಿಲ್ಲ ಕಣಮ್ಮ. ಕಾಯಿ ಕೆಡವಕ್ಕಾ ಅಜ್ಜ, ಹನ್ನೊಂದನೇ ಪುಟದ್ದಾ ಅಂತ ನಕ್ಕ. ಜಗಲೀಲಿ ಅವನ ಗೆಳೆಯರೆಲ್ಲ ಅವ್ರೆ. ಈಗ ಕೊಟ್ರೆ ನನ್ ಮರ್ಯಾದೆ ಏನಾಗ್ತದೆ ಅಂತಾನೆ. ಊಟಕ್ಕೂ ಕರೀಲಿಲ್ಲ. ಈಗೇನ್ ಮಾಡ್ಲಿ? ನೀವೇ ಹೇಳ್ಕೊಡಿ."

ಹೇಳಿಕೊಡುವುದೇ ನನ್ನ ಕೆಲಸ. ಪುಸ್ತಕ ನನ್ನ ಮುಂದೆಯೇ ತೆರೆದಿತ್ತು. ಅದರಲ್ಲಿ ಹನ್ನೆರಡನೆಯ ಪುಟಕ್ಕೆ ಬೇರೆ ವಿಷಯ. ಅಲ್ಲೇ ಕೂತಿರಿ ಎಂದೆ, ಠಾಣೆಗೆ ಫೋನ್ ಮಾಡಿದೆ. ಪೊಲೀಸರು ಹೋದರು, ತೋಟದ ಮಚ್ಚೆಂದು ಅದನ್ನು ಮುಟ್ಟದೆ ಇಬ್ಬರಿಗೂ ಬುದ್ಧಿ ಹೇಳಿ ಬಂದರು. ಓಂಕಾರಪ್ಪನವರು ಕೊನೆಯ ಬಸ್ಸಿನವರೆಗೂ ಆ ಜಗಲಿಯ ತುದಿಯಲ್ಲಿ ಕೂತೇ ಇದ್ದರಂತೆ. ಮಾರನೆಯ ದಿನ ಬೆಳಗ್ಗೆ ಬೇಲಿಯ ಹತ್ತಿರವೇ ಮಹೇಶ ಅಣ್ಣನನ್ನು ಕಡಿದ. ಮೂರು ದಿನ ಆಸ್ಪತ್ರೆಯಲ್ಲಿದ್ದು ಅಣ್ಣ ತೀರಿಕೊಂಡ.

ಆ ಪುಟ ನಾನು ಬರೆಯದಿದ್ದರೆ ಅವನು ಮಚ್ಚು ಕೊಡುತ್ತಿದ್ದನೇ? ಗೊತ್ತಿಲ್ಲ. ಕೊಡುತ್ತಿದ್ದ ಎಂದೇ ನನಗೆ ಅನ್ನಿಸುತ್ತದೆ, ಇವತ್ತಿಗೂ.

ತಿಂಗಳಾದ ಮೇಲೆ ಧೈರ್ಯ ಮಾಡಿ ಅಜ್ಜಂಪುರಕ್ಕೆ ಹೋದೆ. ಬಾಗಿಲ ಹಿಂದೆ ಖಾಲಿ. "ಎಲ್ಲಾ ಅವರವರ ಮನೆಗೆ ಕೊಟ್ಬಂದೆ. ಇನ್ನು ಕೇಳಕ್ಕೆ ನಂಗೇ ನಾಚಿಕೆ" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಊಟ ಆಯ್ತಾ?" ಎಂದು ತಡೆದರು. ಅವರ ಹೆಂಡತಿ ಗೌರಮ್ಮ ಇಬ್ಬರಿಗೂ ಬಡಿಸಿದರು. ಹೊರಡುವಾಗ ನನ್ನ ಜೇಬಿನ ಕಡೆ ಕೈ ತೋರಿಸಿ, "ಆ ಪೆನ್ನು ಕೊಟ್ಟಿರಮ್ಮ. ಒಂದು ಕಾಗದ ಬರೀಬೇಕು" ಎಂದರು.

ಕೊಟ್ಟೆ. ಯಾವ ಕಾಗದ, ಯಾರಿಗೆ ಎಂದು ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು.

ಅದೇ ವರ್ಷ ಅವರು ತೀರಿಕೊಂಡರು. ಶಿವಗಣಾರಾಧನೆಯ ದಿನ ಹೋಗಿದ್ದೆ. ಬಾಗಿಲ ಹಿಂದೆ, ಮಚ್ಚುಗಳಿದ್ದ ಮೂಲೆಯ ಗೂಡಿನಲ್ಲಿ ನನ್ನ ಪೆನ್ನು ಇತ್ತು. ಟವೆಲಿನ ತುಂಡಿನಲ್ಲಿ ಸುತ್ತಿತ್ತು, ಕ್ಲಿಪ್ಪು ಮಾತ್ರ ಹೊರಗೆ. ಗೌರಮ್ಮ, "ನಿಮ್ದೇ ಅಲ್ವಾ, ತಗೊಂಡೋಗಿ" ಎಂದರು. ಅವರಾಗಿ ತಂದುಕೊಡುವವರೆಗೆ ಕೇಳುವಂತಿಲ್ಲ. ಅಲ್ಲೇ ಬಿಟ್ಟು ಬಂದೆ.